ಕಿಟ್ಸನ್ ಅಂಗಡಿಯ ಹಲಸು

ನಮ್ಮ ಅನಂತರಾಮ ಸಾರ್ ಪುಸ್ತಕದ ವ್ಯಾಪಾರಿ. ಇದು ನಾನು ಹೇಳುವ ಮಾತಲ್ಲ, ಅವರೇ ಹೇಳಿಕೊಳ್ಳುವುದು. ಮೂರು ವರ್ಷದಲ್ಲಿ ಅವರು ಮಾರಿದ ಪುಸ್ತಕಗಳು ಒಟ್ಟು ಹನ್ನೊಂದು. ಅದರಲ್ಲಿ ನಾಲ್ಕನ್ನು ಕೊಂಡವನು ನಾನು, ಅದೂ ದಾಕ್ಷಿಣ್ಯಕ್ಕೆ. ಇನ್ನೆರಡನ್ನು ಮಾರಿದ ಮೇಲೆ ಅವರಿಗೇ ತಡೆಯಲಾಗದೆ, ಕೊಂಡವರ ಮನೆಗೆ ಸೈಕಲ್ಲಿನಲ್ಲಿ ಹೋಗಿ, ಕೈಮುಗಿದು ವಾಪಸು ತಂದರು.

ಅಂಗಡಿ ಇರುವುದು ಡಚ್ಚರ ನಾಡಿನಲ್ಲಿ, ವೆಲ್ಡ್‌ಹೋವನ್ನಿನ ಅವರ ಮನೆಯ ಗ್ಯಾರೇಜಿನಲ್ಲಿ. ಶನಿವಾರ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ತೆರೆದಿರುತ್ತದೆ. ಇರುವುದೆಲ್ಲ ಹಳೆಯ ಇಂಗ್ಲಿಷ್ ಪುಸ್ತಕ. ಗಿರಾಕಿ ಒಳಗೆ ಬಂದರೆ ಸಾರ್ ಮೊದಲು ಅವನ ಕೈ ನೋಡುತ್ತಾರೆ, ಒದ್ದೆ ಇದೆಯೋ ಇಲ್ಲವೋ ಎಂದು. ಆಮೇಲೆ, "ಓದೋಕೋ, ಶೋಕೇಸಿಗೋ?" ಎಂದು ವಿಚಾರಣೆ. ಶೋಕೇಸಿಗೆ ಎಂದರೆ ಕೊಡುವುದಿಲ್ಲ. ಓದೋಕೆ ಎಂದರೆ, "ಇದಕ್ಕೆ ಮುಂಚೆ ಏನು ಓದಿದ್ದೀರಿ?" ಎಂದು ಇನ್ನೊಂದು ಸುತ್ತು. ವೀಸಾ ಕೊಡುವ ಆಫೀಸಿನಲ್ಲೂ ಇಷ್ಟು ಪ್ರಶ್ನೆ ಕೇಳುವುದಿಲ್ಲ. ಅವರ ಜೊತೆ ಹನ್ನೆರಡು ವರ್ಷ ಒಂದೇ ಆಫೀಸಿನಲ್ಲಿ ಕೆಲಸ ಮಾಡಿದ್ದೇನೆ, ಈಗ ಎರಡು ಬೀದಿ ಆಚೆ ಇದ್ದೇನೆ. ಪುಸ್ತಕದ ಪೆಟ್ಟಿಗೆ ಹೊರಲು ಒಬ್ಬ ನರಹರಿ ಬೇಕಲ್ಲ, ಆ ನರಹರಿ ನಾನು.

ಅವರ ಈ ಹುಚ್ಚು ಇಲ್ಲಿಗೆ ಬಂದ ಮೇಲೆ ಹಿಡಿದದ್ದಲ್ಲ. ಮೈಸೂರಿನಲ್ಲಿ ಹುಡುಗರಾಗಿದ್ದಾಗ ಅಂಗಡಿಯಿಂದ ಸಕ್ಕರೆ ಬೇಳೆ ತಂದರೆ, ಸಾಮಾನನ್ನು ಡಬ್ಬಿಗೆ ಸುರಿದು, ಪೊಟ್ಟಣದ ಕಾಗದವನ್ನು ತೊಡೆಯ ಮೇಲೆ ತೀಡಿ ಓದುತ್ತಿದ್ದರಂತೆ. ಯಾವುದೋ ಪತ್ತೇದಾರಿ ಕಥೆಯ ನಡುವಿನ ಹಾಳೆ. ಕೊಲೆಯಾಗಿರುತ್ತದೆ, ಕೊಂದವರು ಯಾರೆಂಬುದು ಇನ್ನೊಬ್ಬರ ಮನೆಯ ಉದ್ದಿನಬೇಳೆಯ ಜೊತೆ ಹೋಗಿರುತ್ತದೆ. ಉಳಿದದ್ದನ್ನು ತಾವೇ ಕಟ್ಟಿ ಮುಗಿಸಿ, ತಂಗಿಯರಿಗೆ ಪೂರ್ತಿ ಕಥೆ ಹೇಳುತ್ತಿದ್ದರಂತೆ. ಹರಿದ ಹಾಳೆಯನ್ನು ಊಹೆಯಿಂದ ಪೂರ್ತಿ ಮಾಡುವ ಆ ಅಭ್ಯಾಸ ಅರವತ್ತೊಂದನೇ ವಯಸ್ಸಿನಲ್ಲೂ ಬಿಟ್ಟಿಲ್ಲ.

ಇಪ್ಪತ್ತನಾಲ್ಕು ವರ್ಷದ ಹಿಂದೆ ಪಕ್ಕದ ಐಂಡ್‌ಹೋವನ್ನಿಗೆ ಬಂದರು. ಚಿಪ್ ತಯಾರಿಸುವ ಯಂತ್ರಗಳನ್ನು ಅಳೆದು ಪರೀಕ್ಷಿಸುವ ಕೆಲಸ. ಕೂದಲಿನ ಸಾವಿರದಲ್ಲೊಂದು ಪಾಲು ಹೆಚ್ಚುಕಡಿಮೆಯಾದರೂ ಹಿಡಿದುಬಿಡುತ್ತಿದ್ದರು. ನಮ್ಮಂಥವರ ರಿಪೋರ್ಟು ಅವರ ಮೇಜಿಗೆ ಹೋದರೆ ಕೆಂಪು ಗೆರೆ ಎಳೆಸಿಕೊಂಡೇ ವಾಪಸು ಬರುತ್ತಿತ್ತು. ಐವತ್ತೆಂಟಕ್ಕೇ ಕೆಲಸ ಬಿಟ್ಟು ಅಂಗಡಿ ತೆರೆದಾಗ ಆಫೀಸಿನಲ್ಲಿ ಹಲವರು ನಿಟ್ಟುಸಿರು ಬಿಟ್ಟರು. ನಾನೂ ಬಿಟ್ಟೆ.

ಈಗ ಆಂಬ್ರೋಸ್ ಕಿಟ್ಸನ್ ವಿಷಯ. ಅವನು ಮುನ್ನೂರ ಎಪ್ಪತ್ತು ವರ್ಷದ ಹಿಂದೆ ಲಂಡನ್ನಿನಲ್ಲಿದ್ದ ಪುಸ್ತಕ ವ್ಯಾಪಾರಿ. ಜಗತ್ತಿಗೆ ಅವನ ಬಗ್ಗೆ ತಿಳಿದಿರುವುದು ಒಂದೂವರೆ ಪುಟ. ಸಾರ್‌ಗೆ ತಿಳಿದಿರುವುದು ಮುನ್ನೂರು ಪುಟ. ಉಳಿದದ್ದು ಎಲ್ಲಿಂದ ಬಂತೆಂದು ನಾನು ಕೇಳಲು ಹೋಗುವುದಿಲ್ಲ.

ಕಿಟ್ಸನ್ ಒಬ್ಬ ಯಜಮಾನನ ಕೈಕೆಳಗೆ ಏಳು ವರ್ಷ ದುಡಿದು ಕಸುಬು ಕಲಿತ. ಆಗ ಪುಸ್ತಕಗಳನ್ನು ಹೆಚ್ಚಾಗಿ ಹಾಳೆ ಹಾಳೆಯಾಗಿಯೇ ಮಾರುತ್ತಿದ್ದರು. ಕೊಂಡವನು ಬೈಂಡರ್ ಹತ್ತಿರ ಹೋಗಿ ರಟ್ಟು ಕಟ್ಟಿಸಿಕೊಳ್ಳಬೇಕು, ನಾವು ಬಟ್ಟೆ ಕೊಂಡು ದರ್ಜಿಗೆ ಕೊಟ್ಟ ಹಾಗೆ. ಹೊಸ ಪುಸ್ತಕ ಬಂದರೆ ಅದರ ಮೊದಲ ಪುಟವನ್ನು ಬೀದಿಯ ಕಂಬಕ್ಕೆ ಅಂಟಿಸುವುದೇ ಜಾಹೀರಾತು. ಮನೆ ನಂಬರ್ ಎಂಬುದು ಇರಲಿಲ್ಲವಾದ್ದರಿಂದ ಅಂಗಡಿಯ ಮುಂದೆ ಗಿಳಿಯೋ ಕಿರೀಟವೋ, ಏನಾದರೊಂದು ಚಿತ್ರದ ಹಲಗೆ ತೂಗುಹಾಕಬೇಕು. ಪುಸ್ತಕದ ಜೊತೆ ಕಿಟ್ಸನ್ ಶಾಯಿಯನ್ನೂ ಹೊಟ್ಟೆನೋವಿನ ಪುಡಿಯನ್ನೂ ಮಾರುತ್ತಿದ್ದ. ಒಂದು ಸಲ ದೊಡ್ಡವರ ಕೋಪಕ್ಕೆ ಗುರಿಯಾಗುವಂಥದ್ದೇನನ್ನೋ ಮಾರಿ, ಸಮುದ್ರ ದಾಟಿ ಆಮ್‌ಸ್ಟರ್‌ಡ್ಯಾಮಿಗೆ ಓಡಿಬಂದ. ಇಲ್ಲಿನ ಇಂಗ್ಲಿಷರಿಗೆ ಇಂಗ್ಲಿಷ್ ಪುಸ್ತಕ ಮಾರಲು ಕೂತ. ಹೆಚ್ಚೇನೂ ಮಾರಾಟವಾಗಲಿಲ್ಲ. ಅವನು ಸತ್ತ ಮೇಲೆ ಹೆಂಡತಿ ಉಳಿದ ಹಾಳೆಗಳನ್ನೆಲ್ಲ ತೂಕಕ್ಕೆ ಹಾಕಿದಳು. ಒಂದಷ್ಟು ಚೀಸ್ ಕಟ್ಟಲು ಹೋಯಿತು, ಒಂದಷ್ಟು ಬೈಂಡರ್ ಹತ್ತಿರ ಬೇರೆ ಪುಸ್ತಕದ ರಟ್ಟಾಯಿತು. ಈ ಕಡೆಯ ಸಂಗತಿ ಹೇಳುವಾಗಲೆಲ್ಲ ಸಾರ್ ದನಿ ಇಳಿಯುತ್ತದೆ. ಅವರ ಹೆಂಡತಿ ಚಂದ್ರಪ್ರಭಾ ಮಾತ್ರ ಗ್ಯಾರೇಜಿನ ಕಡೆ ಒಮ್ಮೆ ಆಸೆಯಿಂದ ನೋಡುತ್ತಾರೆ.

ಕಿಟ್ಸನ್ ನಮ್ಮವರ ಕೈಗೆ ಸಿಕ್ಕಿದ್ದೂ ರಟ್ಟಿನೊಳಗೇ. ಇಲ್ಲಿ ಕ್ರಿಂಗ್‌ಲೋಪ್ ಎಂಬ ಹಳೆ ಸಾಮಾನಿನ ಅಂಗಡಿಗಳಿವೆ. ಅಂಥ ಒಂದರಲ್ಲಿ, ತಳ ಸೀದ ಬಾಣಲೆಗಳ ನಡುವೆ, ಸಾರ್‌ಗೆ ಒಂದು ಹಳೆಯ ಡಚ್ ಪ್ರಾರ್ಥನೆ ಪುಸ್ತಕ ಸಿಕ್ಕಿತು. ತಂಪಿಗೆ ಮುಂದಿನ ರಟ್ಟು ಬಾಯಿ ಬಿಟ್ಟಿತ್ತು. ಒಳಗೆ ಅಂಟಿಸಿದ್ದ ರದ್ದಿ ಕಾಗದದಲ್ಲಿ ಇಂಗ್ಲಿಷ್ ಅಕ್ಷರ ಕಂಡಿತು. ಮತ್ತೆ ಪೊಟ್ಟಣ ಬಿಚ್ಚಿದ ಹುಡುಗನಾದರು.

ಅದು ಕುದುರೆಗಳ ಹೊಟ್ಟೆಯುಬ್ಬರಕ್ಕೆ ಮದ್ದು ಹೇಳುವ ಪುಸ್ತಕದ ಮೊದಲ ಪುಟ. ಪೂರ್ತಿ ಪುಟವಲ್ಲ, ಬಲಗಡೆಯ ಮೂರನೇ ಒಂದು ಪಾಲನ್ನು ಬೈಂಡರ್ ಉದ್ದಕ್ಕೆ ಕತ್ತರಿಸಿದ್ದ. ನಡುವೆ ಒಂದು ಚಿತ್ರ. ಕೆಳಗೆ, ಈ ಪುಸ್ತಕ ಆಂಬ್ರೋಸ್ ಕಿಟ್ಸನ್ ಬಳಿ ಸಿಗುತ್ತದೆ, ಅವನ ಅಂಗಡಿಯ ಗುರುತು ಇಂಥದ್ದು ಎನ್ನುವ ಸಾಲು. ಇಂಥದ್ದು ಎಂದರೆ ಎಂಥದ್ದು ಎಂಬ ಪದದ ಹೊತ್ತಿಗೆ ಸರಿಯಾಗಿ ಕತ್ತಿ ಹಾದುಹೋಗಿದೆ. ಉಳಿದದ್ದು ಚಿತ್ರ: ಉದ್ದುರುಟು, ಮೈತುಂಬ ಮುಳ್ಳು, ಎಡ ತುದಿಯಲ್ಲಿ ಗಿಡ್ಡ ತೊಟ್ಟು. ಬಲ ತುದಿ ಇಲ್ಲ. ಕೆಳಭಾಗ ಅಂಟಿನ ಕಲೆಯಲ್ಲಿ ಮುಚ್ಚಿಹೋಗಿದೆ.

"ನೋಡಿ ನರಹರಿ, ಏನಿದು?" ಎಂದರು ಸಾರ್, ಕನ್ನಡಕ ಹಣೆಗೇರಿಸಿ.

"ಹಲಸಿನಹಣ್ಣು ಸಾರ್," ಎಂದೆ. ಸುಳ್ಳೇಕೆ ಹೇಳಲಿ, ನನಗೂ ಹಾಗೇ ಕಂಡಿತು. ಕಾಮಾಲೆ ಕಣ್ಣಿಗೆ ಕಾಣೋದೆಲ್ಲ ಹಳದಿ ಅಂತಾರಲ್ಲ, ಹಲಸಿನ ತೊಳೆಯೂ ಹಳದಿಯೇ.

ಅಲ್ಲಿಂದ ಶುರುವಾಯಿತು. ಲಂಡನ್ನಿನ ವ್ಯಾಪಾರಿಗೆ ಹಲಸು ಗೊತ್ತಾದದ್ದು ಹೇಗೆ? ಬಹುಶಃ ಆಮ್‌ಸ್ಟರ್‌ಡ್ಯಾಮಿನ ಬಂದರಿನಲ್ಲಿ, ಮೆಣಸು ತಂದ ಹಡಗಿನ ನಾವಿಕನೊಬ್ಬ ಹೇಳಿರಬಹುದು. ಒಂದು ತಿಂಗಳು ಕಳೆಯುವಷ್ಟರಲ್ಲಿ 'ಬಹುಶಃ' ಬಿದ್ದುಹೋಯಿತು. ಎರಡನೇ ತಿಂಗಳು ನಾವಿಕ ನಮ್ಮ ಕರಾವಳಿಯವನಾದ. ಮೂರನೇ ತಿಂಗಳಿಗೆ ಅವನಿಗೆ ಹೊನ್ನಾವರದಲ್ಲಿ ಮನೆಯೂ ಆಯಿತು. ಬೇರೆಯವರ ರಿಪೋರ್ಟಿಗೆ ಕೆಂಪು ಗೆರೆ ಎಳೆಯುತ್ತಿದ್ದ ಮನುಷ್ಯ ಇವರೇನಾ ಎಂದು ನನಗೆ ನಗು ಬರುತ್ತಿತ್ತು. ಆದರೆ ಕೇಳುತ್ತ ಕೇಳುತ್ತ ನನಗೂ ಆ ನಾವಿಕ ಇಷ್ಟವಾಗಿದ್ದ.

ಕಿಟ್ಸನ್ ಹಾಗೇ ತಮ್ಮ ಅಂಗಡಿಗೂ ಗುರುತು ಬೇಕೆಂದು, ಸಾರ್ ಪ್ಲೈವುಡ್ಡಿನ ಮೇಲೆ ಕೈಯಾರೆ ಹಲಸಿನಹಣ್ಣು ಬರೆದು ಗ್ಯಾರೇಜಿನ ಮುಂದೆ ತೂಗುಹಾಕಿದರು. "ಮನೆ ಮುಂದೆ ಹಲಸು ನೇತುಹಾಕಿದ್ರೆ ನೊಣ ಬರಲ್ವೇನ್ರೀ?" ಎಂದರು ಚಂದ್ರಪ್ರಭಾ. ಬೀದಿಯ ಡಚ್ಚರು ಮಾತ್ರ ಅದನ್ನು ನೋಡಿ ಖುಷಿಯಿಂದ "ಏಖೆಲ್!" ಎಂದರು.

ಏಖೆಲ್ ಎಂದರೆ ಇಲ್ಲಿನ ಹಿತ್ತಲುಗಳಲ್ಲಿ ಓಡಾಡುವ ಪುಟ್ಟ ಪ್ರಾಣಿ. ನಮ್ಮ ಮುಳ್ಳುಹಂದಿಯ ಹೋಲಿಕೆ, ಗಾತ್ರ ಮಾತ್ರ ಅಂಗೈಯಷ್ಟು. ಚಳಿ ಶುರುವಾಗುವ ಮುಂಚೆ ಸೊರಗಿದ ಮರಿ ಸಿಕ್ಕರೆ ಜನ ಅದನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಆರೈಕೆ ಕೇಂದ್ರಕ್ಕೆ ಒಯ್ಯುತ್ತಾರೆ. ಅಂಥ ಪ್ರಾಣಿಯ ಬೋರ್ಡು ನೋಡಿ, ಇದೇ ಆ ಕೇಂದ್ರ ಎಂದುಕೊಂಡು ಮೊದಲ ವರ್ಷವೇ ಇಬ್ಬರು ಪೆಟ್ಟಿಗೆ ಹಿಡಿದು ಬಂದರು. ಇದು ಪುಸ್ತಕದಂಗಡಿ, ಬೋರ್ಡಿನಲ್ಲಿರುವುದು ಹಣ್ಣು ಎಂದು ಸಾರ್ ವಿವರಿಸಿದರು. ಬಂದವರು ಬೋರ್ಡು ನೋಡಿ, ಸಾರ್ ಮುಖ ನೋಡಿ, "ಓ, ಹೌದಾ" ಎಂದು ಹೋದರು.

ಕನ್ನಡ ಸಂಘದಲ್ಲಿ ಆದದ್ದು ಇದಕ್ಕೆ ತದ್ವಿರುದ್ಧ. ಹೂಫ್‌ಡಾರ್ಪಿನಲ್ಲಿ ಕೆಲಸ ಮಾಡುವ ನಮ್ಮ ಕಾರ್ಯದರ್ಶಿ ಹರಿಪ್ರಸಾದ, ಹಲಸಿನ ಕಥೆಯನ್ನು ವಾಟ್ಸಾಪ್ ಗುಂಪಿಗೆ ಹಾಕಿದ. ಒಂದೇ ದಿನದಲ್ಲಿ ಅದು 'ಲಂಡನ್ನಿನಲ್ಲಿ ಮೊಳಗಿದ ಕರುನಾಡ ಹಲಸು' ಎಂದಾಗಿ, ಮೈಸೂರಿನ ಸಾರ್ ತಂಗಿಯ ಫೋನಿನಿಂದ ಸಾರ್ ಫೋನಿಗೇ ವಾಪಸು ಬಂತು. ಹೋದ ನವೆಂಬರಿನ ರಾಜ್ಯೋತ್ಸವಕ್ಕೆ ಅವರಿಗೆ ಸನ್ಮಾನ ಎಂದು ನಿಶ್ಚಯವಾಯಿತು. ಶಾಲು, ಮೈಸೂರು ಪೇಟ, ಹಲಸಿನ ಚಿತ್ರದ ದೊಡ್ಡ ಬ್ಯಾನರು, ಮುನ್ನೂರು ಜನಕ್ಕೆ ಡಬ್ಬಿ ಹಲಸಿನ ಪಾಯಸ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದರಲ್ಲಿ ನಮ್ಮ ಸಂಘಕ್ಕೆ ಸಾಟಿಯಿಲ್ಲ.

ಸಮಾರಂಭಕ್ಕೆ ಸರಿಯಾಗಿ ಒಂದು ವಾರ ಇದೆ ಎನ್ನುವಾಗ, ಶನಿವಾರ ಮಧ್ಯಾಹ್ನ, ಎಪ್ಪತ್ತೆಂಟರ ಒಬ್ಬ ಹೆಂಗಸು ಶೂ ಪೆಟ್ಟಿಗೆ ಹಿಡಿದು ಗ್ಯಾರೇಜಿಗೆ ಬಂದರು. ಹೆಸರು ಮೆವ್ರೌ ರೀಟ್, ಮೆವ್ರೌ ಎಂದರೆ ಇಲ್ಲಿನ ಶ್ರೀಮತಿ. ಪೆಟ್ಟಿಗೆಯಲ್ಲಿ ಮತ್ತದೇ ಏಖೆಲ್ ಮರಿ, ಮುದುಡಿ ಮಲಗಿದೆ. ಸಾರ್ ಹಣ್ಣಿನ ವಿವರಣೆಗೆ ಬಾಯಿ ತೆರೆಯುವಷ್ಟರಲ್ಲಿ ಚಂದ್ರಪ್ರಭಾ ಬಟ್ಟಲಲ್ಲಿ ಹಾಲು ತಂದರು.

"ಹಾಲು ಬೇಡ, ಅದರ ಹೊಟ್ಟೆ ಕೆಡುತ್ತದೆ. ನೀರು ಸಾಕು," ಎಂದರು ಮೆವ್ರೌ.

"ಮನೆಗೆ ಬಂದ ಕೂಸಿಗೆ ಬರೀ ನೀರಂತೆ," ಎಂದು ಚಂದ್ರಪ್ರಭಾ ನನಗೆ ಕನ್ನಡದಲ್ಲಿ ಹೇಳಿ, ನೀರು ತಂದರು.

ಮೆವ್ರೌ ರೀಟ್ ಗೋಡೆಯ ಕಡೆ ನೋಡಿದರು. ಅಲ್ಲಿ ಕಟ್ಟು ಹಾಕಿಸಿದ್ದ ಕಿಟ್ಸನ್‌ನ ಹಾಳೆ ಇತ್ತು. "ಚೆಂದದ ಏಖೆಲ್. ಹಳೆಯದು," ಎಂದರು.

ಸಾರ್ ತಾಳ್ಮೆಯಿಂದ ಎಲ್ಲವನ್ನೂ ಹೇಳಿದರು. ಕಿಟ್ಸನ್, ಬಂದರು, ನಾವಿಕ, ಹೊನ್ನಾವರ. ಮೆವ್ರೌ ಕೊನೆಯವರೆಗೂ ಕೇಳಿದರು. ಆಮೇಲೆ, ತಾನು ಐಂಡ್‌ಹೋವನ್ನಿನಲ್ಲಿ ನಲವತ್ತು ವರ್ಷ ಬೈಂಡಿಂಗ್ ಕೆಲಸ ಮಾಡಿದವಳು ಎಂದರು. "ಬೈಂಡರ್ ಜಿಪುಣ ಜಾತಿ. ಮುಂದಿನ ರಟ್ಟಿಗೆ ಒಂದು ತುಂಡು ಹಾಕಿದರೆ, ಕತ್ತರಿಸಿ ಉಳಿದದ್ದನ್ನು ಹಿಂದಿನ ರಟ್ಟಿಗೆ ಹಾಕುತ್ತಾನೆ. ಹಿಂದಿನದನ್ನು ಬಿಚ್ಚಿ ನೋಡಿದ್ದೀರಾ?"

"ಇಲ್ಲ. ಬಿಚ್ಚಿದರೆ ಪುಸ್ತಕ ಹಾಳಾಗುತ್ತದೆ," ಎಂದರು ಸಾರ್.

ಅಷ್ಟರಲ್ಲಿ ಪೆಟ್ಟಿಗೆಯೊಳಗಿನ ಮರಿಗೆ ಸ್ವಲ್ಪ ಧೈರ್ಯ ಬಂತು. ಮೈ ಬಿಚ್ಚಿ, ನಮಗೆ ಬೆನ್ನು ಹಾಕಿ, ನೀರಿನ ಬಟ್ಟಲಿಗೆ ಬಾಯಿ ಹಾಕಿತು. ಈ ಕಡೆ ಉಳಿದದ್ದು ಮುಳ್ಳಿನ ಗುಂಡನೆಯ ಮೈ ಮತ್ತು ಒಂದು ಗಿಡ್ಡ ಬಾಲ. ಸಾರ್ ಆ ಬಾಲ ನೋಡಿದರು. ಗೋಡೆಯ ಮೇಲಿನ ತೊಟ್ಟು ನೋಡಿದರು. ಮತ್ತೆ ಬಾಲ ನೋಡಿದರು. ನಾನೂ ನೋಡಿದೆ.

ಮರಿಯನ್ನೂ ಮೆವ್ರೌ ಅವರನ್ನೂ ಕಾರಿನಲ್ಲಿ ಆರೈಕೆ ಕೇಂದ್ರಕ್ಕೆ ಬಿಟ್ಟು ನಾನು ವಾಪಸು ಬಂದಾಗ ಸಂಜೆ ಐದಾಗಿತ್ತು. ಸಾರ್ ಅಡುಗೆಮನೆಯ ಮೇಜಿನ ಮುಂದೆ ಪ್ರಾರ್ಥನೆ ಪುಸ್ತಕ ಹಿಡಿದು ಕೂತಿದ್ದರು.

"ಎರಡು ವರ್ಷದಿಂದ ಗೊತ್ತು ನರಹರಿ," ಎಂದರು. "ಹಿಂದಿನ ರಟ್ಟಲ್ಲಿ ಇರತ್ತೆ ಅಂತ ಮೊದಲನೇ ದಿನಾನೇ ಅನ್ನಿಸಿತ್ತು. ಪ್ರತಿ ಶನಿವಾರ ಕೈಗೆ ತಗೋತೀನಿ, ಹಾಗೇ ಇಡ್ತೀನಿ."

"ಈಗ ಬಿಚ್ಚಿ ನೋಡ್ಬಿಡ್ರೀ," ಎಂದರು ಚಂದ್ರಪ್ರಭಾ.

"ಹಾಳಾಗತ್ತೆ ಕಣೇ."

"ಯಾವುದು? ಪುಸ್ತಕವೋ, ನೀವೋ?"

ಚಂದ್ರಪ್ರಭಾ ಇಡ್ಲಿ ಪಾತ್ರೆಯಲ್ಲಿ ನೀರು ಕಾಯಿಸಿದರು. ಹಬೆಯಲ್ಲಿ ಒದ್ದೆಯಾದ ತೆಳು ಬಟ್ಟೆಯನ್ನು ಸಾರ್ ಒಳರಟ್ಟಿನ ಮೇಲೆ ಹಾಸಿ, ಎತ್ತಿ, ಮತ್ತೆ ಹಾಸಿ, ಬೆಣ್ಣೆ ಹಚ್ಚುವ ಚಾಕುವಿನಿಂದ ಒಂದೊಂದೇ ಪದರ ಬಿಡಿಸಿದರು. ನಾನು ಟಾರ್ಚ್ ಹಿಡಿದು ನಿಂತೆ. ಆ ಕೈಗಳು ಎಷ್ಟು ಮೆಲ್ಲಗೆ ಕೆಲಸ ಮಾಡಿದವೆಂದರೆ, ಇದೇ ಮನುಷ್ಯನ ಕೆಂಪು ಗೆರೆಗಳನ್ನು ಬೈದುಕೊಂಡದ್ದಕ್ಕೆ ನನಗೆ ನಾಚಿಕೆಯಾಯಿತು. ಮೂರು ಪದರ ಡಚ್ ರದ್ದಿ. ನಾಲ್ಕನೆಯದು ಉದ್ದನೆಯ ಇಂಗ್ಲಿಷ್ ತುಂಡು.

ಅದರಲ್ಲಿ ಒಂದು ಚೂಪು ಮೂತಿ, ಒಂದು ಕಣ್ಣು, ಮುಂದಿನ ಒಂದು ಪುಟ್ಟ ಕಾಲು. ಕೆಳಗೆ ಕತ್ತಿಯಿಂದ ತಪ್ಪಿಸಿಕೊಂಡ ಪದ, ಹೆಜ್‌ಹಾಗ್. ಏಖೆಲ್‌ಗೆ ಇಂಗ್ಲಿಷಿನಲ್ಲಿ ಹಾಗನ್ನುತ್ತಾರೆ.

ಯಾರೂ ನಗಲಿಲ್ಲ. ನಗಬೇಕಾದ ಸಂದರ್ಭವೇ, ಆದರೂ ಆಗಲಿಲ್ಲ. ಸಾರ್ ಎರಡೂ ತುಂಡು ಜೋಡಿಸಿದರು. ಒಂದು ಗೆರೆಯೂ ಹೆಚ್ಚುಕಡಿಮೆಯಿಲ್ಲದೆ ಕೂಡಿಕೊಂಡವು. "ಸರಿಯಾಗಿದೆ," ಎಂದರು, ಆಫೀಸಿನಲ್ಲಿ ಹೇಳುತ್ತಿದ್ದ ದನಿಯಲ್ಲೇ. ಎದ್ದು ಹೋಗಿ ಮುಖ ತೊಳೆದುಕೊಂಡು ಬಂದರು. ಆ ನಾವಿಕನಿಗಾಗಿ ನನಗೆ ನಿಜವಾಗಿಯೂ ದುಃಖವಾಯಿತು.

ಹರಿಪ್ರಸಾದನಿಗೆ ಫೋನ್ ಮಾಡಿದವನು ನಾನೇ. ಸ್ಪೀಕರಿನಲ್ಲಿ ಹಾಕಿದ್ದೆ.

"ಸಾರ್, ಬ್ಯಾನರ್ ಪ್ರಿಂಟ್ ಆಗಿದೆ ಸಾರ್! ಹಲಸಿನ ಡಬ್ಬಿ ಎಲ್ಲಾ ಬಂದಿದೆ," ಎಂದ ಅವನು. "ಆ ತುಂಡು ನೋಡಿರೋರು ನೀವು ಮೂರೇ ಜನ ಅಲ್ವಾ? ಈ ವರ್ಷ ಹಲಸು ಅಂತಾನೇ ಇರ್ಲಿ. ನೆಕ್ಸ್ಟ್ ಇಯರ್ ಬೇಕಾದ್ರೆ ಕರೆಕ್ಷನ್ ಮಾಡೋಣ."

ಒಪ್ಪಿಕೊಳ್ಳುತ್ತೇನೆ, ನಾನೂ ಅದನ್ನೇ ಹೇಳಿದೆ. ಯಾರಿಗೇನು ನಷ್ಟ ಸಾರ್, ಎಂದೆ. ಅವರು ಆಗಲಿ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಆ ವಾರವೆಲ್ಲ ಗ್ಯಾರೇಜಿನಲ್ಲಿ ಒಬ್ಬರೇ ಕೂತಿದ್ದರು. ಗುರುವಾರ, ಅಂಗಡಿಯ ದಿನವಲ್ಲದಿದ್ದರೂ, ಯಾರೋ ಬಂದು ಒಂದು ಪುಸ್ತಕ ಕೇಳಿದರೆ ಒಂದೂ ಪ್ರಶ್ನೆ ಕೇಳದೆ ಕೊಟ್ಟುಬಿಟ್ಟರಂತೆ. ಅದನ್ನು ಕೇಳಿದ ಮೇಲೆ ಚಂದ್ರಪ್ರಭಾ ಅವರಿಗೂ ಭಯವಾಯಿತು.

ಶನಿವಾರ ಐಂಡ್‌ಹೋವನ್ನಿನ ಸಭಾಂಗಣದಲ್ಲಿ ಮುನ್ನೂರು ಜನ. ವೇದಿಕೆಯ ಹಿಂದೆ ಆಳೆತ್ತರದ ಹಲಸಿನಹಣ್ಣು. ಸಾರ್‌ಗೆ ಶಾಲು ಹೊದೆಸಲು ಹರಿಪ್ರಸಾದ ಬಂದಾಗ ಅವರು ಅವನ ಕೈ ತಡೆದರು. "ಮೊದಲು ಮಾತಾಡ್ತೀನಿ. ಆಮೇಲೂ ಹೊದೆಸಬೇಕು ಅನ್ನಿಸಿದ್ರೆ ಹೊದೆಸಿ," ಎಂದು ಮೈಕ್ ತೆಗೆದುಕೊಂಡರು. ಜೇಬಿನಿಂದ ಫೋನ್ ತೆಗೆದು, ಅದರಲ್ಲಿದ್ದ ಚಿತ್ರವನ್ನು ಪರದೆಯ ಮೇಲೆ ಹಾಕಿಸಿದರು. ಎರಡೂ ತುಂಡು ಕೂಡಿದ ಪೂರ್ತಿ ಪುಟ. ಬಾಲ, ಮುಳ್ಳು, ಮೂತಿ.

"ಇದು ಹಲಸಲ್ಲ," ಎಂದರು. "ತಪ್ಪು ನಂದೇ. ಅರ್ಧ ಕಾಗದ ಸಿಕ್ಕಿತ್ತು, ಉಳಿದರ್ಧ ನಾನು ಬರ್ಕೊಂಡೆ. ಉಳಿದರ್ಧ ಎಲ್ಲಿದೆ ಅಂತ ಗೊತ್ತಿದ್ದೂ ನೋಡ್ಲಿಲ್ಲ. ಇಪ್ಪತ್ತನಾಲ್ಕು ವರ್ಷದಿಂದ ಈ ದೇಶದಲ್ಲಿ ಇದ್ದೀನಿ. ನನಗಿಂತ ಮುಂಚೆ ನಮ್ಮದು ಅನ್ನೋದು ಏನಾದ್ರೂ ಇಲ್ಲಿಗೆ ಬಂದಿತ್ತಾ ಅಂತ ಹುಡುಕ್ತಾ ಇದ್ದೆ. ಬಂದಿದೆ ಅಂತ ತುಂಬಾ ಆಸೆ ಇತ್ತು. ಕಿಟ್ಸನ್ ಪಾಪ, ತನ್ನ ಹಿತ್ತಲಲ್ಲಿ ಕಂಡಿದ್ದನ್ನ ಬರೆಸಿದ್ದ ಅಷ್ಟೆ."

ಜನ ಬ್ಯಾನರು ನೋಡಿದರು, ಪರದೆ ನೋಡಿದರು. ಆಗ ಹರಿಪ್ರಸಾದನೇ, ದೇವರು ಅವನಿಗೆ ಒಳ್ಳೆಯದು ಮಾಡಲಿ, ಮುಂದೆ ಬಂದು ಶಾಲು ಹೊದೆಸಿಬಿಟ್ಟ. "ಕಿಟ್ಸನ್‌ಗೆ ಹಲಸು ಗೊತ್ತಿರ್ಲಿಲ್ಲ ಅಂದ್ರೆ ಅದು ಅವನ ಕರ್ಮ ಸಾರ್. ಪಾಯಸ ಆಗ್ಲೇ ರೆಡಿ ಇದೆ," ಎಂದ. ಜನ ಚಪ್ಪಾಳೆ ತಟ್ಟಿದರು. ಸಾರ್‌ಗೋ, ಪಾಯಸಕ್ಕೋ, ಹೇಳುವುದು ಕಷ್ಟ. ಪಾಯಸ ಚೆನ್ನಾಗಿತ್ತು, ನಾನು ಎರಡು ಸಲ ಹಾಕಿಸಿಕೊಂಡೆ.

ಮರುದಿನ ಬೆಳಿಗ್ಗೆ ನಾನು ಅವರ ಮನೆಗೆ ಹೋದಾಗ ಸಾರ್ ಗ್ಯಾರೇಜಿನ ಮುಂದೆ ಏಣಿ ಹತ್ತಿದ್ದರು. ಬೋರ್ಡು ಇಳಿಸುತ್ತಿದ್ದಾರೆ ಎಂದುಕೊಂಡೆ. ಅಲ್ಲ, ಕೈಯಲ್ಲಿ ಕುಂಚ ಇತ್ತು. ಹಲಸಿನಹಣ್ಣಿನ ಬಲ ತುದಿಗೆ ಒಂದು ಮೂತಿ ಎಳೆದು, ಅದರ ಮೇಲೆ ಒಂದು ಕಪ್ಪು ಕಣ್ಣು ಇಟ್ಟರು. ಕೆಳಗೆ ನಾಲ್ಕು ಕಾಲು. ಅಷ್ಟೇ ಕೆಲಸ, ಹತ್ತು ನಿಮಿಷ ಹಿಡಿಯಲಿಲ್ಲ.

ಚಂದ್ರಪ್ರಭಾ ಕಾಫಿ ಹಿಡಿದು ಹೊರಗೆ ಬಂದು ತಲೆಯೆತ್ತಿ ನೋಡಿದರು. "ಹೆತ್ತವರಿಗೆ ಹೆಗ್ಗಣ ಮುದ್ದು," ಎಂದರು. ಹಾಗೆಂದರೂ ಬಹಳ ಹೊತ್ತು ಅದನ್ನೇ ನೋಡುತ್ತ ನಿಂತರು.

"ಸಾರ್, ಎಡಗಡೆ ಆ ತೊಟ್ಟು ಹಾಗೇ ಉಳಿದಿದೆ," ಎಂದೆ ನಾನು. ಮೊದಲು ಅವರು ಬರೆದದ್ದು ಬಾಲವಲ್ಲ, ಅಪ್ಪಟ ಹಲಸಿನ ತೊಟ್ಟು, ದಪ್ಪಗೆ, ಹಸಿರಾಗಿ, ಈಗತಾನೇ ಮರದಿಂದ ಕೊಯ್ದ ಹಾಗೆ. "ಅದನ್ನೂ ಬಾಲ ಮಾಡಿಬಿಡಿ."

ಸಾರ್ ಕುಂಚ ಅಲ್ಲಿಯವರೆಗೂ ಒಯ್ದರು. ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದರು. ಆಮೇಲೆ ಏಣಿ ಇಳಿದು, ಕುಂಚವನ್ನು ನೀರಿನ ಡಬ್ಬಿಯಲ್ಲಿ ಅದ್ದಿದರು.

"ಅದೊಂದು ಇರ್ಲಿ ಬಿಡಿ ನರಹರಿ," ಎಂದರು. "ಕಿಟ್ಸನ್‌ಗೆ ಗೊತ್ತಾಗಲ್ಲ."